ನಾಳೆ ಸೂರ್ಯ ಹುಟ್ಟುವುದಕ್ಕೆ ಸಾಕ್ಷಿ ಕೇಳಿದ ಹ್ಯೂಮ್

ನಾಲ್ಕು ಮಂದಿ ಗೆಳೆಯರು ಸಂಜೆ ಬಿಯರಿನ ಮುಂದೆ ಕುಳಿತರೆ ಮಾತು ಮೊದಲು ರಾಜಕೀಯಕ್ಕೆ, ಆಮೇಲೆ ಕ್ರಿಕೆಟ್ಟಿಗೆ, ಎರಡನೇ ಗ್ಲಾಸು ಮುಗಿಯುವ ಹೊತ್ತಿಗೆ ದೇವರು, ಆತ್ಮ, ಹಣೆಬರಹಗಳತ್ತ ಹೊರಳುವುದು ಸಾಮಾನ್ಯ. ನಾನು ಎಂದರೆ ಯಾರು, ನಾಳೆ ಸೂರ್ಯ ಹುಟ್ಟಿಯೇ ಹುಟ್ಟುತ್ತಾನೆಂದು ಹೇಗೆ ಗೊತ್ತು, ಸತ್ತ ಮೇಲೆ ಏನು? ಇವಕ್ಕೆ ಆ ಮೇಜಿನ ಮೇಲೆ ಉತ್ತರ ಸಿಗುವುದಿಲ್ಲ. ಬಿಲ್ಲು ಬರುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಇದನ್ನೆಲ್ಲ ಬರಿಯ ಹರಟೆ ಎಂದು ತಳ್ಳಿಹಾಕುವವರು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್‌ನ ಬದುಕನ್ನೊಮ್ಮೆ ನೋಡಬೇಕು. ಈ ಪ್ರಶ್ನೆಗಳನ್ನು ಆಧುನಿಕ ಯುರೋಪಿನಲ್ಲಿ ಆತನಷ್ಟು ಹರಿತವಾಗಿ ಕೇಳಿದವರು ವಿರಳ. ಉತ್ತರ ಸಿಗದೆ ಕಂಗೆಟ್ಟಾಗ ಆತ ಆಶ್ರಯ ಪಡೆದದ್ದು ಗೆಳೆಯರ ಊಟದ ಮೇಜಿನಲ್ಲೇ.

ಹ್ಯೂಮ್ ಹುಟ್ಟಿದ್ದು 1711ರಲ್ಲಿ, ಎಡಿನ್‌ಬರೋ ನಗರದಲ್ಲಿ. ಅಂದಿನ ಹಳೆಯ ಪಂಚಾಂಗದ ಪ್ರಕಾರ ಏಪ್ರಿಲ್ 26. ಮನೆತನದ ಜಮೀನು ಇದ್ದದ್ದು ಇಂಗ್ಲೆಂಡಿನ ಗಡಿಗೆ ಹತ್ತಿರದ ಚರ್ನ್‌ಸೈಡ್ ಗ್ರಾಮದ ಬಳಿಯ ನೈನ್‌ವೆಲ್ಸ್‌ನಲ್ಲಿ. ತಂದೆ ಜೋಸೆಫ್ ಹೋಮ್ 1713ರಲ್ಲಿ ತೀರಿಕೊಂಡಾಗ ಮಗುವಿಗೆ ಎರಡು ವರ್ಷ. ತಾಯಿ ಕ್ಯಾಥರೀನ್ ಮರುಮದುವೆಯಾಗದೆ ಮೂವರು ಮಕ್ಕಳನ್ನು ಬೆಳೆಸಿದಳು. ಆ ಗಡಿ ಸೀಮೆಯ ಸ್ಕಾಟಿಷ್ ಉಚ್ಚಾರಣೆ ಹ್ಯೂಮ್‌ನ ನಾಲಗೆಯಿಂದ ಕಡೆಯವರೆಗೂ ಹೋಗಲಿಲ್ಲ. ಬರವಣಿಗೆಯಲ್ಲಿ ಮಾತ್ರ ಒಂದೊಂದು ಸ್ಕಾಟಿಷ್ ಪದವನ್ನೂ ಹುಡುಕಿ ಹುಡುಕಿ ಕೀಳುತ್ತಿದ್ದ. ಬಳಸಬಾರದ ಪದಗಳ ಪಟ್ಟಿಯನ್ನೇ ಮಾಡಿಟ್ಟಿದ್ದ. ಮನೆಯಲ್ಲಿ ಆಡುವುದೊಂದು, ಕಾಗದದ ಮೇಲೆ ಬರೆಯುವುದು ಇನ್ನೊಂದು ಎಂಬ ಪಾಡು ಗಡಿನಾಡಿನ ಓದುಗರಿಗೆ ವಿವರಿಸಬೇಕಾದ್ದೇನಲ್ಲ.

ಹತ್ತು ಹನ್ನೊಂದರ ವಯಸ್ಸಿಗೇ ಅಣ್ಣನ ಜೊತೆ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ ಹುಡುಗ ಪದವಿ ಪಡೆಯದೆ ಹೊರಬಂದ. ಮಗ ವಕೀಲನಾಗಲಿ ಎಂಬುದು ಮನೆಯವರ ಆಸೆ. ಆತ ಕಾನೂನಿನ ಗ್ರಂಥ ಓದುತ್ತಿದ್ದಾನೆಂದು ಮನೆಯವರು ತಿಳಿದಿದ್ದಾಗ ಓದುತ್ತಿದ್ದದ್ದು ಸಿಸೆರೊ ಮತ್ತು ವರ್ಜಿಲ್. ಹದಿನೆಂಟರ ಹೊತ್ತಿಗೆ ತಲೆಯಲ್ಲಿ ಹೊಸದೊಂದು ವಿಚಾರಲೋಕ ತೆರೆದುಕೊಂಡಿತು. ಹಗಲು ರಾತ್ರಿ ಅದರಲ್ಲೇ ಮುಳುಗಿ 1729ರಲ್ಲಿ ಆರೋಗ್ಯ ಕೆಟ್ಟಿತು. ಮನಸ್ಸು ಯಾವುದರಲ್ಲೂ ನಿಲ್ಲದು, ಬೆರಳುಗಳ ಮೇಲೆ ಕಲೆ, ಎದೆ ಡವಡವ. ಇದು ಓದಿನವರಿಗೆ ತಗಲುವ ರೋಗವೆಂದು ವೈದ್ಯರು ನಕ್ಕರು. ಕೊಟ್ಟ ಚಿಕಿತ್ಸೆ ಕಹಿ ಕಷಾಯ, ಗುಳಿಗೆ, ದಿನವೂ ಎಂಟು ಹತ್ತು ಮೈಲಿ ಕುದುರೆ ಸವಾರಿ, ಜೊತೆಗೆ ದಿನಕ್ಕೊಂದು ಪಿಂಟ್ ಕ್ಲಾರೆಟ್. ಕ್ಲಾರೆಟ್ ಎಂದರೆ ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನ್. ವೈದ್ಯರ ಚೀಟಿಯಿಂದ ಶುರುವಾದ ಈ ಸಖ್ಯ ಮರಣಪತ್ರದವರೆಗೂ ನಡೆಯಿತು. ನಡುವೆ ವಿಪರೀತ ಹಸಿವು ಹತ್ತಿ, ಎಲುಬು ಕಾಣುತ್ತಿದ್ದ ಯುವಕ ಆರೇ ವಾರಗಳಲ್ಲಿ ದಷ್ಟಪುಷ್ಟನಾದ. ಇಂದಿಗೂ ಚಿತ್ರಗಳಲ್ಲಿ ಕಾಣುವ ದುಂಡು ಮುಖದ ಹ್ಯೂಮ್ ತಯಾರಾದದ್ದು ಹೀಗೆ.

1734ರಲ್ಲಿ ಬ್ರಿಸ್ಟಲ್‌ನ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತಗಿರಿಗೆ ಹೋದದ್ದು ಕೆಲವೇ ತಿಂಗಳು. ಹೋಮ್ ಎಂಬ ಕುಲನಾಮವನ್ನು ಇಂಗ್ಲಿಷರು ಸರಿಯಾಗಿ ಉಚ್ಚರಿಸಲೆಂದು ಹ್ಯೂಮ್ ಎಂದು ಬದಲಿಸಿ ಬರೆಯತೊಡಗಿದ್ದು ಆ ವರ್ಷವೇ. ಅಲ್ಲಿಂದ ಫ್ರಾನ್ಸಿಗೆ ಹೋದ. ಖರ್ಚು ಕಡಿಮೆಯೆಂದು ಲಾ ಫ್ಲೆಶ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದ. ತತ್ವಜ್ಞಾನಿ ದೆಕಾರ್ತ್ ಓದಿದ ಜೆಸ್ವಿಟ್ ಪಾದ್ರಿಗಳ ವಿದ್ಯಾಲಯವಿದ್ದದ್ದು ಅಲ್ಲೇ. ಅಲ್ಲಿ ಬರೆದ ಪುಸ್ತಕದ ಮೊದಲ ಎರಡು ಸಂಪುಟ 1739ರಲ್ಲಿ, ಮೂರನೆಯದು 1740ರಲ್ಲಿ ಅಚ್ಚಾಯಿತು. ಮನುಷ್ಯ ಸ್ವಭಾವವನ್ನು ಕುರಿತ ಈ ಗ್ರಂಥ ಇಂದು ಪ್ರಪಂಚದ ತತ್ವಶಾಸ್ತ್ರ ವಿಭಾಗಗಳಲ್ಲೆಲ್ಲ ಪಠ್ಯ. ಅಂದು ಕೊಂಡವರು ತೀರ ಕಡಿಮೆ. ಮೊದಲ ಎರಡು ಸಂಪುಟಗಳ 1000 ಪ್ರತಿಗಳ ಹಕ್ಕಿಗೆ ಲೇಖಕನಿಗೆ ಸಿಕ್ಕಿದ್ದು 50 ಪೌಂಡ್.

ಅದರಲ್ಲಿದ್ದ ಒಗಟುಗಳು ಇವು. ಒಂದು ಬಿಲಿಯರ್ಡ್ಸ್ ಚೆಂಡು ಉರುಳಿ ಬಂದು ಇನ್ನೊಂದಕ್ಕೆ ತಾಗುತ್ತದೆ, ಎರಡನೆಯದು ಚಲಿಸುತ್ತದೆ. ಮೊದಲನೆಯದು ಎರಡನೆಯದನ್ನು ಚಲಿಸುವಂತೆ ಮಾಡಿತು ಎನ್ನುತ್ತೇವೆ. ಆದರೆ ಕಣ್ಣಿಗೆ ಕಂಡದ್ದೇನು? ಮೊದಲು ಇದು, ಆಮೇಲೆ ಅದು, ಅಷ್ಟೇ. ನಡುವೆ ಇರಬೇಕಾದ ಆ ಬಲವಂತ, ಹೀಗೆಯೇ ಆಗಬೇಕು ಎಂಬ ಗಂಟು, ಯಾರ ಕಣ್ಣಿಗೂ ಬಿದ್ದಿಲ್ಲ. ಸಾವಿರ ಸಲ ಹಾಗಾಯಿತು, ಆದ್ದರಿಂದ ಮುಂದಿನ ಸಲವೂ ಆಗುತ್ತದೆ ಎನ್ನೋಣವೇ? ಹಿಂದಿನಂತೆ ಮುಂದೂ ನಡೆಯುತ್ತದೆ ಎಂಬುದಕ್ಕೆ ಪುರಾವೆ ಏನು? ಇಷ್ಟು ದಿನ ಹಾಗೇ ನಡೆದಿದೆ ಎಂದರೆ ಸಾಬೀತು ಮಾಡಬೇಕಾದ್ದನ್ನೇ ಸಾಕ್ಷಿಯಾಗಿ ಕರೆದಂತಾಯಿತು. ನಾಳೆ ಸೂರ್ಯ ಹುಟ್ಟುವುದಿಲ್ಲ ಎಂದು ಹ್ಯೂಮ್ ಹೇಳಲಿಲ್ಲ. ಹುಟ್ಟುತ್ತಾನೆ ಎಂದು ನಂಬಲು ನಮಗಿರುವುದು ತರ್ಕವಲ್ಲ, ಅಭ್ಯಾಸ ಎಂದ.

ನಮ್ಮಲ್ಲಿ ನೈಯಾಯಿಕರು ಹೊಗೆ ಕಂಡು ಬೆಂಕಿಯನ್ನು ಊಹಿಸಿದರೆ, ಚಾರ್ವಾಕರು ಎಲ್ಲ ಕಾಲದ ಎಲ್ಲ ಹೊಗೆಯನ್ನೂ ನೋಡಿ ಬಂದಿದ್ದೀರಾ ಎಂಬರ್ಥದ ಆಕ್ಷೇಪ ಎತ್ತಿದ್ದರು. 14ನೇ ಶತಮಾನದಲ್ಲಿ ವಿಜಯನಗರದ ಮಾಧವ ರಚಿಸಿದ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯದಲ್ಲೇ ಈ ವಾದವಿದೆ. ಇಬ್ಬರ ನಡುವೆ ಗುರುಶಿಷ್ಯ ಸಂಬಂಧ ಹುಡುಕುವುದು ಬೇಡ. ಒಂದೇ ಮುಳ್ಳು ಎರಡು ದೇಶಗಳಲ್ಲಿ ಚುಚ್ಚಿದೆ ಎಂದರೆ ಸಾಕು.

ಇನ್ನೊಂದು ಒಗಟು ನಾನು ಎಂಬುದು. ಒಳಗೆ ಇಣುಕಿ ನೋಡಿದಾಗಲೆಲ್ಲ ಹ್ಯೂಮ್‌ಗೆ ಸಿಕ್ಕಿದ್ದು ಬಿಸಿ, ತಂಪು, ನೋವು, ಸಂತೋಷ, ಪ್ರೀತಿ, ದ್ವೇಷ. ಇವುಗಳನ್ನೆಲ್ಲ ಹೊತ್ತು ನಿಂತಿರುವ ಆತ್ಮ ಮಾತ್ರ ಸಿಗಲಿಲ್ಲ. ವೇಷಗಳು ಬರುತ್ತವೆ, ಕುಣಿಯುತ್ತವೆ, ಹೋಗುತ್ತವೆ. ರಂಗಸ್ಥಳ ಎಲ್ಲಿದೆ ಎಂದು ಹುಡುಕಿದರೆ ಅದೇ ಇಲ್ಲ.

ಇಂಥ ಯೋಚನೆ ಮಾಡುತ್ತ ಒಂಟಿಯಾಗಿ ಕೂತವನಿಗೆ ತಲೆ ಕೆಡುವುದು ಸಹಜ. ಹ್ಯೂಮ್ ಅದನ್ನು ಮುಚ್ಚಿಡಲಿಲ್ಲ. ಗ್ರಂಥದ ಮೊದಲ ಭಾಗದ ಕೊನೆಯಲ್ಲಿ, ತಾನು ಎಲ್ಲಿದ್ದೇನೆ, ಯಾರಿಗೆ ಹೆದರಬೇಕು, ಯಾರನ್ನು ನಂಬಬೇಕು ಎಂಬುದೇ ತಿಳಿಯದೆ ಕತ್ತಲೆಯಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಒಪ್ಪಿಕೊಂಡ. ಈ ಕತ್ತಲೆಯನ್ನು ಬುದ್ಧಿ ಓಡಿಸಲಾರದು ಎಂದೂ ಬರೆದ. ಪರಿಹಾರ ಬಂದದ್ದು ಬೇರೆ ಕಡೆಯಿಂದ. ಊಟ ಮಾಡಿದ, ಬ್ಯಾಕ್‌ಗಮನ್ ಎಂಬ ದಾಳದ ಆಟ ಆಡಿದ, ಗೆಳೆಯರೊಡನೆ ನಕ್ಕು ಮಾತಾಡಿದ. ಮೂರು ನಾಲ್ಕು ಗಂಟೆ ಹೀಗೆ ಕಳೆದು ಹಿಂತಿರುಗಿದರೆ ತನ್ನವೇ ವಾದಗಳು ತಣ್ಣಗೆ, ಎಳೆದಾಡಿದಂತೆ, ನಗೆಪಾಟಲಾಗಿ ಕಂಡವು. ವಾದಗಳು ತಪ್ಪೆಂದು ಆತ ಎಲ್ಲೂ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಅವು ಸರಿಯಾಗಿಯೇ ಇವೆ, ಆದರೂ ಮನುಷ್ಯ ಅವುಗಳೊಳಗೆ ಮನೆ ಮಾಡಿಕೊಂಡು ಇರಲಾರ ಎಂಬುದು ಆತನ ನಿಲುವು. ಇದು ತಪ್ಪಿಸಿಕೊಳ್ಳುವವನ ಜಾಣತನವೇ ಎಂದು ಕೇಳುವವರಿದ್ದರು. ಈ ನಿಲುವಿನ ಬೆಲೆ ತಿಳಿಯಲು ಆತನ ಮುಂದಿನ ಬದುಕನ್ನು ನೋಡಬೇಕು.

ಮೊದಲು ಹೋದದ್ದು ನೌಕರಿ. 1745ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ನೀತಿಶಾಸ್ತ್ರದ ಪೀಠಕ್ಕೆ ಹ್ಯೂಮ್ ಹೆಸರು ಬಂದಾಗ ಪಾದ್ರಿಗಳು ನಾಸ್ತಿಕನಿಗೆ ಹುಡುಗರನ್ನು ಒಪ್ಪಿಸುವುದೇ ಎಂದು ಗದ್ದಲವೆಬ್ಬಿಸಿದರು. ಕೆಲಸ ವಿಲಿಯಂ ಕ್ಲೆಘೋರ್ನ್ ಎಂಬಾತನಿಗೆ ಹೋಯಿತು. ಕೆಲವು ವರ್ಷಗಳ ಅನಂತರ ಗ್ಲಾಸ್ಗೋದಲ್ಲೂ ಅದೇ ಕಥೆ. ಯುರೋಪಿನ ದೊಡ್ಡ ತತ್ವಜ್ಞಾನಿಗಳಲ್ಲೊಬ್ಬನೆಂದು ಇಂದು ಎಣಿಸಲಾಗುವ ಈತ ಯಾವ ವಿಶ್ವವಿದ್ಯಾಲಯದಲ್ಲೂ ಒಂದು ದಿನ ಪಾಠ ಹೇಳಲಿಲ್ಲ. ಹೊಟ್ಟೆಪಾಡಿಗೆ ಬುದ್ಧಿಭ್ರಮಣೆಯಾದ ಶ್ರೀಮಂತನೊಬ್ಬನಿಗೆ ಜೊತೆಗಾರನಾದ, ಸೇನಾಪತಿಯೊಬ್ಬನಿಗೆ ಕಾರ್ಯದರ್ಶಿಯಾದ. 1752ರಲ್ಲಿ ಎಡಿನ್‌ಬರೋ ವಕೀಲರ ಗ್ರಂಥಾಲಯದ ಪಾಲಕನಾದ. ಸಂಬಳ ವರ್ಷಕ್ಕೆ 40 ಪೌಂಡ್. ಆತ ತರಿಸಿದ ಮೂರು ಫ್ರೆಂಚ್ ಪುಸ್ತಕಗಳು ಅಶ್ಲೀಲವೆಂದು ಆಡಳಿತದವರು ಕಪಾಟಿನಿಂದ ತೆಗೆಸಿದರು. ಹ್ಯೂಮ್ ರಾಜೀನಾಮೆ ಕೊಡಲಿಲ್ಲ. ಇಂಗ್ಲೆಂಡಿನ ಇತಿಹಾಸ ಬರೆಯಲು ಆ ಪುಸ್ತಕ ಭಂಡಾರ ಬೇಕಾಗಿತ್ತು. ಆದರೆ ಸಂಬಳವನ್ನು ಕೈಯಿಂದ ಮುಟ್ಟದೆ ಥಾಮಸ್ ಬ್ಲ್ಯಾಕ್‌ಲಾಕ್ ಎಂಬ ಕುರುಡು ಕವಿಗೆ ಸಲ್ಲುವಂತೆ ಮಾಡಿದ. 1754ರಿಂದ 1762ರವರೆಗೆ ಬಂದ ಆರು ಸಂಪುಟಗಳ ಆ ಇತಿಹಾಸವೇ ಆತನನ್ನು ಸಿರಿವಂತನನ್ನಾಗಿ ಮಾಡಿತು.

ಇದೇ ಹೊತ್ತಿಗೆ ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆಯಲ್ಲಿ ಕುತ್ತು ಬಂತು. ಪವಾಡದ ಸುದ್ದಿ ತರುವವನ ಮಾತು ಸುಳ್ಳಾಗಿರುವುದು ಆ ಪವಾಡಕ್ಕಿಂತಲೂ ದೊಡ್ಡ ಪವಾಡವಾದರೆ ಮಾತ್ರ ಅದನ್ನು ನಂಬಬಹುದು ಎಂಬರ್ಥದಲ್ಲಿ ಹ್ಯೂಮ್ 1748ರಲ್ಲಿ ಬರೆದಿದ್ದ. 1755 ಮತ್ತು 1756ರಲ್ಲಿ ಆತನನ್ನು ವಿಚಾರಣೆಗೆ ಗುರಿಪಡಿಸಿ ಚರ್ಚಿನಿಂದ ಹೊರಹಾಕುವ ಪ್ರಯತ್ನ ನಡೆಯಿತು. ಇದು ಬಾಯಿಮಾತಿನ ಬೆದರಿಕೆಯಲ್ಲ. ಹ್ಯೂಮ್ ಹುಟ್ಟುವುದಕ್ಕೆ 14 ವರ್ಷ ಮೊದಲು, 1697ರಲ್ಲಿ, ಥಾಮಸ್ ಐಕನ್‌ಹೆಡ್ ಎಂಬ ವಿದ್ಯಾರ್ಥಿಯನ್ನು ಧರ್ಮನಿಂದೆಯ ಆರೋಪದಲ್ಲಿ ಅದೇ ಎಡಿನ್‌ಬರೋದಲ್ಲಿ ಗಲ್ಲಿಗೇರಿಸಲಾಗಿತ್ತು. ಹ್ಯೂಮ್ ಕಾಲಕ್ಕೆ ನೇಣಿನ ಭಯವಿರಲಿಲ್ಲ, ಬಹಿಷ್ಕಾರದ ಭಯವಿತ್ತು. ಆತನನ್ನು ಉಳಿಸಿದವರು ಯಾರು ಎಂದರೆ ಪಾದ್ರಿಗಳೇ! ಹ್ಯೂ ಬ್ಲೇರ್, ವಿಲಿಯಂ ರಾಬರ್ಟ್‌ಸನ್, ಅಲೆಕ್ಸಾಂಡರ್ ಕಾರ್ಲೈಲ್, ಜಾನ್ ಹೋಮ್ ಇವರೆಲ್ಲ ಚರ್ಚಿನ ಸೇವೆಯಲ್ಲಿದ್ದ ಉದಾರವಾದಿಗಳು, ಜೊತೆಗೆ ಹ್ಯೂಮ್‌ನ ಆಪ್ತವಲಯದವರು. ಅವರ ಬಣದ ಬಲದಿಂದ ನಿರ್ಣಯ ಬಿದ್ದುಹೋಯಿತು.

ಅಂದಿನ ಎಡಿನ್‌ಬರೋ ಇಕ್ಕಟ್ಟಾದ ಊರು. ಆರೇಳು ಅಂತಸ್ತಿನ ಕಲ್ಲಿನ ಮನೆಗಳು, ಕಿಟಕಿಯಿಂದ ಬೀದಿಗೆ ಸುರಿಯುವ ಕೊಳಚೆ. ಮನೆಯಲ್ಲಿ ನಾಲ್ಕು ಜನರನ್ನು ಕೂರಿಸಲು ಜಾಗವಿಲ್ಲದ್ದರಿಂದ ವಕೀಲರು ಕಕ್ಷಿದಾರರನ್ನು ನೋಡುತ್ತಿದ್ದದ್ದೂ, ಪ್ರಾಧ್ಯಾಪಕರು ಚರ್ಚೆ ಮಾಡುತ್ತಿದ್ದದ್ದೂ ಪಾನಗೃಹಗಳಲ್ಲೇ. ಏಲ್ ಎಂಬ ಬಿಯರು ಎಲ್ಲರಿಗೂ, ಕ್ಲಾರೆಟ್ ಕೈಯಲ್ಲಿ ಕಾಸಿದ್ದವರಿಗೆ. 1754ರಲ್ಲಿ ಚಿತ್ರಕಾರ ಆಲನ್ ರಾಮ್ಸೆ ಶುರುಮಾಡಿದ ಸೆಲೆಕ್ಟ್ ಸೊಸೈಟಿಯ ಸ್ಥಾಪಕರಲ್ಲಿ ಹ್ಯೂಮ್ ಮತ್ತು ಆಡಂ ಸ್ಮಿತ್ ಇಬ್ಬರೂ ಇದ್ದರು. ಅಲ್ಲಿನ ವಿಧಿವತ್ತಾದ ಚರ್ಚೆಗಳಲ್ಲಿ ಇಬ್ಬರೂ ಬಾಯಿಯನ್ನೇ ಬಿಡುತ್ತಿರಲಿಲ್ಲವೆಂದು ಕಾರ್ಲೈಲ್ ದಾಖಲಿಸಿದ್ದಾನೆ. ವೇದಿಕೆಯ ಮೇಲೆ ಮೂಕನಾದ ಹ್ಯೂಮ್ ಊಟದ ಮೇಜಿನಲ್ಲಿ ಮಾತ್ರ ಮಾತುಗಾರ.

1762ರಲ್ಲಿ ಹುಟ್ಟಿದ ಪೋಕರ್ ಕ್ಲಬ್ ಈ ಗೆಳೆಯರ ಖಾಸಾ ಬೈಠಕ್. ಇಸ್ಪೀಟಿನ ಪೋಕರ್ ಅಲ್ಲ. ಪೋಕರ್ ಎಂದರೆ ಒಲೆಯ ಕೆಂಡ ಕೆದಕುವ ಕಬ್ಬಿಣದ ಸಲಾಕೆ. ಸ್ಕಾಟ್ಲೆಂಡಿಗೆ ಸ್ವಂತ ನಾಡಪಡೆ ಬೇಕೆಂಬ ಬೇಡಿಕೆಯನ್ನು ಕೆದಕುತ್ತಿರಲೆಂದು ಆಡಂ ಫರ್ಗ್ಯೂಸನ್ ಆ ಹೆಸರಿಟ್ಟ. ನಗರದ ಮಧ್ಯದ ಒಂದು ಪಾನಗೃಹದಲ್ಲಿ ಎರಡು ಗಂಟೆಗೆ ಊಟ, ತಲೆಗೊಂದು ಶಿಲ್ಲಿಂಗ್, ಕುಡಿಯಲು ಶೆರಿ ಮತ್ತು ಕ್ಲಾರೆಟ್ ಮಾತ್ರ, ಆರು ಗಂಟೆಗೆ ಲೆಕ್ಕ ಚುಕ್ತಾ. ತಮಾಷೆಗೆಂದು ಒಬ್ಬ ವಕೀಲನನ್ನು ಕ್ಲಬ್ಬಿನ ಕೊಲೆಗಾರ ಎಂದು ನೇಮಿಸಿ, ಹ್ಯೂಮ್‌ನನ್ನು ಆತನ ಸಲಹೆಗಾರನನ್ನಾಗಿ ಮಾಡಿದರು. ಹ್ಯೂಮ್‌ನ ಒಪ್ಪಿಗೆಯಿಲ್ಲದೆ ಯಾರನ್ನೂ ಕೊಲ್ಲುವಂತಿಲ್ಲವಾದ್ದರಿಂದ ರಕ್ತಪಾತದ ಭಯವಿರಲಿಲ್ಲ. ಪಾದ್ರಿಗಳೂ ಸಂಶಯವಾದಿಯೂ ಒಂದೇ ಮೇಜಿಗೆ ಕೂರುವುದಕ್ಕೆ ಒಂದು ಕಟ್ಟುಪಾಡು ಬೇಕಾಗುತ್ತದೆ. ಬ್ಲೇರ್‌ಗೆ ಬರೆದ ಪತ್ರದಲ್ಲಿ ಹ್ಯೂಮ್ ಅದನ್ನು ನೇರವಾಗಿಯೇ ಕೇಳಿದ್ದಾನೆ. ನಾವಿಬ್ಬರೂ ಸೇರಿದಾಗ ನಿನ್ನ ವೃತ್ತಿಯ ವಿಷಯ ಬೇಡ, ಬೇರೆ ಏನಾದರೂ ಮಾತಾಡೋಣ ಎಂಬುದು ಅದರ ಸಾರ. ಎಲ್ಲವನ್ನೂ ಪ್ರಶ್ನಿಸಿದವನು ಗೆಳೆತನವನ್ನು ಮಾತ್ರ ಪರೀಕ್ಷೆಗೆ ಒಡ್ಡಲಿಲ್ಲ.

1763ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ರಾಯಭಾರ ಕಚೇರಿಯ ಕೆಲಸದ ಮೇಲೆ ಪ್ಯಾರಿಸ್‌ನಲ್ಲಿದ್ದಾಗ ಅಲ್ಲಿನವರು ಆತನನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಹೊಗಳಿಕೆಯ ಸಿಹಿ ಮುಖಕ್ಕೆ ಕಟ್ಟಿ, ಪೋಕರ್ ಕ್ಲಬ್ಬಿನ ಒರಟು ಮಾತು ಬೇಕೆನಿಸಿದೆ ಎಂದು ಫರ್ಗ್ಯೂಸನ್‌ಗೆ ಬರೆದ. ಬ್ಯಾರನ್ ದೊಲ್ಬಾಕ್‌ನ ಮನೆಯ ಊಟದಲ್ಲಿ ನಡೆದದ್ದನ್ನು ದಿದೆರೊ ದಾಖಲಿಸಿದ್ದಾನೆ. ನಿಜವಾದ ನಾಸ್ತಿಕನನ್ನು ತಾನು ಎಂದೂ ಕಂಡಿಲ್ಲ ಎಂದು ಹ್ಯೂಮ್ ಹೇಳಿದಾಗ, ಮೇಜಿನ ಸುತ್ತ ಇರುವ 18 ಮಂದಿಯಲ್ಲಿ 15 ಜನ ನಾಸ್ತಿಕರು, ಉಳಿದ ಮೂವರು ಇನ್ನೂ ತೀರ್ಮಾನಿಸಿಲ್ಲ ಎಂದು ಆತಿಥೇಯ ಉತ್ತರಿಸಿದನಂತೆ. ಹ್ಯೂಮ್ ಆ ಹದಿನೈದರೊಳಗೂ ಸೇರುವವನಲ್ಲ. ದೇವರಿಲ್ಲ ಎಂಬ ಖಚಿತತೆಗೂ ಪುರಾವೆ ಬೇಕಲ್ಲ. ಹಿಂದಿರುಗುವಾಗ ರೂಸೋನನ್ನು ಇಂಗ್ಲೆಂಡಿಗೆ ಕರೆತಂದು ಆಶ್ರಯ ಕೊಡಿಸಿದ್ದು, ಆ ಅನುಮಾನದ ಮನುಷ್ಯ ತನ್ನ ವಿರುದ್ಧ ಪಿತೂರಿ ನಡೆದಿದೆಯೆಂದು 1766ರಲ್ಲಿ ಜಗಳ ತೆಗೆದದ್ದು ದೊಡ್ಡ ಪುರಾಣ. ಆ ಜಗಳದಲ್ಲಿ ಹ್ಯೂಮ್ ಕೂಡ ತನ್ನ ಎಂದಿನ ಸಮಾಧಾನ ಉಳಿಸಿಕೊಳ್ಳಲಿಲ್ಲ.

ಇನ್ನೊಂದು ಕಪ್ಪುಚುಕ್ಕೆ ಇದಕ್ಕಿಂತ ದೊಡ್ಡದು. ದೇಶಗಳ ಗುಣಸ್ವಭಾವ ಕುರಿತ ಪ್ರಬಂಧಕ್ಕೆ 1753ರಲ್ಲಿ ಸೇರಿಸಿದ ಅಡಿಟಿಪ್ಪಣಿಯಲ್ಲಿ ಕರಿಯರು ಬಿಳಿಯರಿಗಿಂತ ಸ್ವಭಾವತಃ ಕೀಳೆಂದು ಹ್ಯೂಮ್ ಬರೆದ. ಎಲ್ಲದಕ್ಕೂ ಸಾಕ್ಷಿ ಕೇಳುವವನು ಇಲ್ಲಿ ಕಾಲದ ಪೂರ್ವಗ್ರಹವನ್ನು ಸಾಕ್ಷಿಯಿಲ್ಲದೆ ನುಂಗಿಬಿಟ್ಟ. ಈ ಕಾರಣಕ್ಕೆ ಎಡಿನ್‌ಬರೋ ವಿಶ್ವವಿದ್ಯಾಲಯ 2020ರಲ್ಲಿ ಡೇವಿಡ್ ಹ್ಯೂಮ್ ಟವರ್ ಎಂಬ ಕಟ್ಟಡದ ಹೆಸರನ್ನು ಕೈಬಿಟ್ಟಿತು.

1769ರಲ್ಲಿ ಎಡಿನ್‌ಬರೋಗೆ ಮರಳಿದಾಗ ವರ್ಷಕ್ಕೆ ಸಾವಿರ ಪೌಂಡ್ ಆದಾಯ. ಉಳಿದ ಆಯುಷ್ಯವನ್ನು ಅಡುಗೆಯ ವಿದ್ಯೆಗೆ ಮುಡಿಪಾಗಿಡುತ್ತೇನೆಂದು ಗೆಳೆಯನಿಗೆ ಬರೆದ. ಕೋಸಿನ ಜೊತೆ ದನದ ಮಾಂಸ, ಕುರಿಯ ತಲೆಯ ಸಾರು ಆತನ ಕೈಗುಣದ ಅಡುಗೆಗಳು. ಊರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದಾಗಿನದೆಂದು ಹೇಳುವ ಒಂದು ಕಥೆಯಿದೆ. ದಡೂತಿ ಹ್ಯೂಮ್ ದಾರಿಯ ಕೆಸರಿನಲ್ಲಿ ಜಾರಿ ಹೂತುಕೊಂಡ. ಆ ದಾರಿಯಲ್ಲಿ ಬಂದ ಮೀನು ಮಾರುವ ಹೆಂಗಸು ಈತ ನಾಸ್ತಿಕ ಹ್ಯೂಮ್ ಎಂದು ಗುರುತಿಸಿ, ಕ್ರೈಸ್ತರ ಪ್ರಾರ್ಥನೆ ಹೇಳಿದ ಮೇಲಷ್ಟೇ ಕೈಕೊಟ್ಟು ಎತ್ತಿದಳಂತೆ. ತಾನು ಕಂಡ ದೇವತಾಶಾಸ್ತ್ರಜ್ಞರಲ್ಲಿ ಆಕೆಯೇ ಚುರುಕು ಎಂದು ಹ್ಯೂಮ್ ನಗುತ್ತಿದ್ದನಂತೆ.

1775ರಲ್ಲಿ ಕರುಳಿನ ಬೇನೆ ಶುರುವಾಯಿತು. ಅದು ವಾಸಿಯಾಗದೆಂದು ತಿಳಿದು, 1776ರ ಏಪ್ರಿಲ್‌ನಲ್ಲಿ ಕೆಲವೇ ಪುಟಗಳ ಆತ್ಮಕಥೆ ಬರೆದಿಟ್ಟ. ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಗಳಿಂದಲೂ ಗುಣ ಕಾಣಲಿಲ್ಲ. ಊರಿಗೆ ಮರಳಿ ಜುಲೈ 4ರಂದು ಗೆಳೆಯರನ್ನು ಕರೆದು ಬೀಳ್ಕೊಡುಗೆಯ ಊಟ ಹಾಕಿದ. ಹೊರಟು ನಿಂತಿದ್ದವನು ಆತನೇ. ಮೂರು ದಿನ ಬಿಟ್ಟು, ಜುಲೈ 7ರ ಭಾನುವಾರ, ಜೇಮ್ಸ್ ಬಾಸ್ವೆಲ್ ಚರ್ಚಿಗೆ ಹೋಗುವ ಬದಲು ಹ್ಯೂಮ್‌ನ ಮನೆಗೆ ಬಂದ. ಮರಣ ಎದುರು ನಿಂತಾಗಲಾದರೂ ಈ ಮನುಷ್ಯ ಪರಲೋಕವನ್ನು ನಂಬುತ್ತಾನೋ ಎಂದು ನೋಡುವುದು ಆತನ ಉದ್ದೇಶ. ಒಲೆಗೆ ಹಾಕಿದ ಕಲ್ಲಿದ್ದಲು ಉರಿಯದೇ ಇರುವುದೂ ಸಾಧ್ಯವೇ ಎಂದು ಹ್ಯೂಮ್ ಉತ್ತರಿಸಿದ. ಆದರೆ ಸತ್ತ ಮೇಲೂ ಎಂದೆಂದಿಗೂ ಇರುತ್ತೇವೆ ಎಂಬುದು ವಿಚಾರಹೀನ ಕಲ್ಪನೆ ಎಂದ. ಹುಟ್ಟುವ ಮೊದಲು ತಾನಿರಲಿಲ್ಲ ಎಂಬುದು ಹೇಗೆ ಕಾಡುವುದಿಲ್ಲವೋ, ಮುಂದೆ ಇರುವುದಿಲ್ಲ ಎಂಬುದೂ ಹಾಗೆಯೇ ಕಾಡುತ್ತಿಲ್ಲ ಎಂದ. ತನ್ನ ಹಳೆಯ ಒಗಟುಗಳನ್ನೇ ಸಾವಿನ ಮುಂದೆ ಇಟ್ಟುಕೊಂಡು, ಎದುರಿಗೆ ಕೂತವನೊಡನೆ ಹಾಸ್ಯ ಮಾಡುತ್ತಲೇ ಮಾತಾಡಿದ. ಅಲುಗಾಡಿಹೋದವನು ಬಾಸ್ವೆಲ್. ಮನಸ್ಸು ಕದಡಿದ ಆತ ಆ ಭೇಟಿಯ ನೆನಪಿನಿಂದ ಬಹುಕಾಲ ಬಿಡಿಸಿಕೊಳ್ಳಲಾರದೆ ಹೋದ.

ಆಗಸ್ಟ್‌ನಲ್ಲಿ ಮರಣಪತ್ರಕ್ಕೊಂದು ಪುರವಣಿ ಸೇರಿತು. ನಾಟಕಕಾರ ಜಾನ್ ಹೋಮ್‌ಗೂ ಹ್ಯೂಮ್‌ಗೂ ಇದ್ದ ತಕರಾರು ಎರಡೇ. ಜಾನ್‌ಗೆ ಪೋರ್ಟ್ ವೈನ್ ಸೇರದು, ಕುಲನಾಮವನ್ನು ಹ್ಯೂಮ್ ಎಂದು ಬರೆಯುವುದೂ ಸೇರದು. ಆತನಿಗೆ 10 ಡಜನ್ ಹಳೆಯ ಕ್ಲಾರೆಟ್, ಒಂದು ಸೀಸೆ ಪೋರ್ಟ್ ಎಂದು ಬರೆದ. ಆ ಒಂದು ಸೀಸೆಯನ್ನು ಎರಡೇ ಸಲ ಕೂತು ಒಬ್ಬನೇ ಮುಗಿಸಿದೆನೆಂದು ಜಾನ್ ಹ್ಯೂಮ್ ಎಂಬ ರುಜು ಹಾಕಿ ಬರೆದುಕೊಟ್ಟರೆ ಇನ್ನೂ ಆರು ಡಜನ್ ಪೋರ್ಟ್ ಎಂಬ ಷರತ್ತನ್ನೂ ಹಾಕಿದ.

1776ರ ಆಗಸ್ಟ್ 25ರಂದು ಸಂಜೆ ನಾಲ್ಕರ ಹೊತ್ತಿಗೆ ಹ್ಯೂಮ್ ತೀರಿಕೊಂಡ. ಕಾಲ್ಟನ್ ಗುಡ್ಡದಲ್ಲಿ ಸಮಾಧಿಯಾಯಿತು. ಗೆಳೆಯನ ಕಡೆಯ ದಿನಗಳನ್ನು ಬಣ್ಣಿಸಿ ಆಡಂ ಸ್ಮಿತ್ ಬರೆದ ಪತ್ರ 1777ರಲ್ಲಿ ಪ್ರಕಟವಾಯಿತು. ಮನುಷ್ಯ ಸ್ವಭಾವಕ್ಕೆ ಸಾಧ್ಯವಾದಷ್ಟು ವಿವೇಕಿಯೂ ಸದ್ಗುಣಿಯೂ ಆಗಿದ್ದವನು ಹ್ಯೂಮ್ ಎಂದು ಅದರಲ್ಲಿ ಹೇಳಿದ್ದ. ದೇವರನ್ನು ನಂಬದವನು ನೆಮ್ಮದಿಯಿಂದ ಸತ್ತನೆಂಬುದನ್ನು ಸಹಿಸಲಾರದವರು ಸ್ಮಿತ್‌ನ ಮೇಲೆ ಮುಗಿಬಿದ್ದರು. ಬ್ರಿಟನ್ನಿನ ಇಡೀ ವಾಣಿಜ್ಯ ವ್ಯವಸ್ಥೆಯನ್ನು ಟೀಕಿಸಿ ಬರೆದ ದೊಡ್ಡ ಗ್ರಂಥಕ್ಕಿಂತ ಹತ್ತು ಪಟ್ಟು ಬೈಗುಳ ಈ ಸಣ್ಣ ಪತ್ರ ತಂದುಕೊಟ್ಟಿತು ಎಂದು ಸ್ಮಿತ್ ಆಮೇಲೆ ಹೇಳಿಕೊಂಡ.

ಅದೇ ಸ್ಮಿತ್ ಒಂದು ಕೆಲಸ ಮಾತ್ರ ಮಾಡಿಕೊಡಲಿಲ್ಲ. ದೇವರ ಅಸ್ತಿತ್ವದ ವಾದಗಳನ್ನು ಮೂವರು ಗೆಳೆಯರ ಸಂಭಾಷಣೆಯ ರೂಪದಲ್ಲಿ ಪರೀಕ್ಷಿಸುವ ಹಸ್ತಪ್ರತಿಯೊಂದನ್ನು ಹ್ಯೂಮ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಪೆಟ್ಟಿಗೆಯಲ್ಲಿಟ್ಟು ತಿದ್ದುತ್ತಿದ್ದ. ತನ್ನ ಅನಂತರ ಅದನ್ನು ಪ್ರಕಟಿಸುವ ಹೊಣೆ ಹೊರಲು ಸ್ಮಿತ್ ಹಿಂಜರಿದಾಗ ಹ್ಯೂಮ್ ಮುನಿಸಿಕೊಳ್ಳಲಿಲ್ಲ, ಉಯಿಲು ತಿದ್ದಿ ಲಂಡನ್ನಿನ ಮುದ್ರಕ ವಿಲಿಯಂ ಸ್ಟ್ರಾಹನ್‌ಗೆ ಒಪ್ಪಿಸಿದ. ಆತನೂ ಕೈಹಚ್ಚಲಿಲ್ಲ. ಕೊನೆಗೆ 1779ರಲ್ಲಿ, ಅಚ್ಚುಹಾಕಿದವರ ಹೆಸರಿಲ್ಲದೆ, ಪುಸ್ತಕ ಹೊರತಂದವನು ಅಣ್ಣನ ಮಗ, 22 ವರ್ಷದ ಇನ್ನೊಬ್ಬ ಡೇವಿಡ್ ಹ್ಯೂಮ್. ಆ ಹುಡುಗ ಮುಂದೆ ಕಾನೂನು ಓದಿ 1786ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ.